ಹೊರಬಡಾವಣೆಯ ಬಸ್ಸೂ ಅರ್ಧ ಗಂಟೆಯ ಲೆಕ್ಕವೂ

ದಾವಣಗೆರೆಯಿಂದ ಹರಿಹರಕ್ಕೆ ಹೊರಟವರು ವೇಳಾಪಟ್ಟಿ ನೋಡುವುದಿಲ್ಲ. ಪಿ.ಬಿ. ರಸ್ತೆಗೆ ಬಂದು ನಿಂತರೆ ಬಸ್ಸು ಬರುತ್ತದೆ ಎಂಬ ನಂಬಿಕೆ ಸಾಕು. ಅದೇ ಊರಿನ ಶಾಮನೂರು, ಆವರಗೆರೆ, ಶಿರಮಗೊಂಡನಹಳ್ಳಿ ಕಡೆಯ ಹೊಸ ಬಡಾವಣೆಗಳಲ್ಲಿ ಮನೆ ಕಟ್ಟುವವರು ಗೃಹಪ್ರವೇಶಕ್ಕೆ ಮೊದಲೇ ಎರಡನೇ ಬೈಕಿನ ಕಂತಿನ ಲೆಕ್ಕ ಹಾಕಿರುತ್ತಾರೆ. ‘ಅಲ್ಲಿ ಎಲ್ಲರ ಮನೆಯಲ್ಲೂ ಗಾಡಿ ಇದೆ, ಬಸ್ ಬಿಟ್ಟರೂ ಯಾರು ಹತ್ತುತ್ತಾರೆ?’ ಎಂದು ಕೇಳುವವರಿದ್ದಾರೆ. ಬಸ್ಸನ್ನು ನಂಬಲಾಗದ್ದರಿಂದಲೇ ಗಾಡಿ ಬಂತು ಎಂಬುದು ಆ ಪ್ರಶ್ನೆಯಲ್ಲಿ ಮರೆತುಹೋಗಿರುತ್ತದೆ.

ದುಡ್ಡಿನ ಮಾತು ಬದಿಗಿಡೋಣ. 2023ರ ಜೂನ್ 11ರಿಂದ ಶಕ್ತಿ ಯೋಜನೆಯಡಿ ರಾಜ್ಯದ ಹೆಣ್ಣುಮಕ್ಕಳಿಗೆ ಸಾಮಾನ್ಯ ಬಸ್ಸುಗಳಲ್ಲಿ ಟಿಕೆಟ್ ಉಚಿತ. ಅಷ್ಟಾದರೂ ಒಬ್ಬಾಕೆ ಪೆಟ್ರೋಲ್ ಸುಟ್ಟುಕೊಂಡು ಸ್ಕೂಟಿಯಲ್ಲೇ ಹೋಗುತ್ತಾಳೆಂದರೆ ಅವಳಿಗೆ ದುಬಾರಿಯಾಗಿರುವುದು ಕಾಯುವ ಹೊತ್ತು. ಅದನ್ನು ಕಡಿಮೆ ಮಾಡಲು ಯಾವಾಗಲೂ ಹೊಸ ಬಸ್ಸೇ ಬೇಕೆಂದಿಲ್ಲ.

ಪೇಟೆಯ ನಿಲ್ದಾಣದಿಂದ 8 ಕಿ.ಮೀ. ದೂರದಲ್ಲಿ ಒಂದು ಬಡಾವಣೆ ಇದೆ ಎಂದುಕೊಳ್ಳಿ. ನಿಲುಗಡೆಗಳನ್ನೂ ಸೇರಿಸಿ ಗಂಟೆಗೆ 18 ಕಿ.ಮೀ. ವೇಗ ಹಿಡಿದರೆ ಹೋಗಲು 27 ನಿಮಿಷ, ಬರಲು 27. ಎರಡೂ ತುದಿಯಲ್ಲಿ ಮೂರು ಮೂರು ನಿಮಿಷ ಬಿಡುವು. ಒಂದು ಸುತ್ತಿಗೆ ಸರಿಯಾಗಿ 60 ನಿಮಿಷವಾಯಿತು. ಸುತ್ತಿನ ಸಮಯವನ್ನು ಬಸ್ಸುಗಳ ಸಂಖ್ಯೆಯಿಂದ ಭಾಗಿಸಿದರೆ ಒಂದು ಬಸ್ಸಿಗೂ ಮುಂದಿನ ಬಸ್ಸಿಗೂ ಇರುವ ಅಂತರ ಸಿಗುತ್ತದೆ. ಎರಡು ಬಸ್ಸಿದ್ದರೆ 30 ನಿಮಿಷ. ಪ್ರತಿ ಗಂಟೆಯ 10ನೇ ಮತ್ತು 40ನೇ ನಿಮಿಷಕ್ಕೆ ಬಸ್ಸು ಎಂದರೆ ಮೊಬೈಲ್ ನೋಡದೆ ಅಜ್ಜಿಗೂ ನೆನಪಿರುತ್ತದೆ.

ಈಗ ಒಂದು ಮನವಿ ಬರುತ್ತದೆ: ‘ನಮ್ಮ ನಾಲ್ಕನೇ ಕ್ರಾಸಿಗೂ ಬಸ್ಸು ಬರಲಿ.’ ಒಪ್ಪಿ, ಹೋಗುವಾಗ ಒಂದೂವರೆ ಕಿ.ಮೀ., ಬರುವಾಗ ಒಂದೂವರೆ ಕಿ.ಮೀ. ಒಳಗೆ ಸುತ್ತಿಸಿದರೆ? ತಿರುವು, ಹಂಪು, ಅಡ್ಡ ನಿಂತ ಜಲ್ಲಿ ಟ್ರ್ಯಾಕ್ಟರುಗಳ ನಡುವೆ 12 ಕಿ.ಮೀ. ವೇಗ ಸಿಕ್ಕರೆ ಪುಣ್ಯ. ಒಂದು ಕಡೆಗೆ ಏಳೂವರೆ ನಿಮಿಷ ಹೆಚ್ಚು, ಸುತ್ತು 75 ನಿಮಿಷ. ಅದೇ ಎರಡು ಬಸ್ಸಿಗೆ ಅಂತರ ಮೂವತ್ತೇಳೂವರೆ ನಿಮಿಷವಾಯಿತು, ನೆನಪಿಡುವ ವೇಳೆಯೂ ಹೋಯಿತು. ನಾಲ್ಕನೇ ಕ್ರಾಸಿನವರಿಗೆ ಉಳಿತಾಯವಾದದ್ದು 400 ಮೀಟರ್ ನಡಿಗೆ, ಅಂದರೆ ಐದು ನಿಮಿಷ. ಅದಕ್ಕಾಗಿ ಒಳಗಿನ ಸುತ್ತಾಟದಲ್ಲಿ ಅವರೇ ಏಳೂವರೆ ನಿಮಿಷದವರೆಗೆ ಕೂರಬೇಕು, ಸರಾಸರಿ ಇನ್ನೂ ನಾಲ್ಕು ನಿಮಿಷ ಹೆಚ್ಚು ಕಾಯಬೇಕು. ಮನವಿ ಕೊಟ್ಟವರಿಗೇ ನಷ್ಟ. ಮನೆ ಬಾಗಿಲಿಗೆ ಬಸ್ಸು ತರಿಸುವ ಭರವಸೆಗೆ ಮತ ಬೀಳಬಹುದು, ಪ್ರಯಾಣಿಕರು ಸಿಗುವುದಿಲ್ಲ. ಮುಖ್ಯರಸ್ತೆಯಲ್ಲಿ ನೇರವಾಗಿ ಓಡುವ ಬಸ್ಸು, ಅಲ್ಲಿಗೆ ನೆರಳು–ದೀಪವಿರುವ ದಾರಿ. ಹೊರಬಡಾವಣೆಗೆ ಇದೇ ಸರಿ. ನಡೆಯಲಾಗದ ಹಿರಿಯರಿಗೆ ಮಾತ್ರ ಈ ಲೆಕ್ಕ ಅನ್ಯಾಯ ಮಾಡುತ್ತದೆ. ಅವರಿಗೆ ಸ್ಟಾಪಿನವರೆಗೆ ಶೇರ್ ಆಟೊ ಒದಗಿಸುವುದು ಇಡೀ ಮಾರ್ಗವನ್ನು ಸೊಟ್ಟ ಮಾಡುವುದಕ್ಕಿಂತ ಅಗ್ಗ.

ನಡಿಗೆಯ ದಾರಿಯಲ್ಲೇ ಎಷ್ಟೋ ಸಲ ಕೆಲಸ ಕೆಡುತ್ತದೆ. ಅಕ್ಕಪಕ್ಕದ ಎರಡು ಲೇಔಟ್‌ಗಳ ನಡುವೆ ಒಂದು ಕಾಂಪೌಂಡ್ ಎದ್ದರೆ 300 ಮೀಟರ್ ದೂರದ ಸ್ಟಾಪಿಗೆ ಒಂದು ಕಿ.ಮೀ. ಸುತ್ತಬೇಕಾಗುತ್ತದೆ. ಗೋಡೆಯಲ್ಲಿ ಒಂದೂವರೆ ಮೀಟರ್ ಕಿಂಡಿ ತೆಗೆದು, ಬೈಕು ನುಗ್ಗದಂತೆ ಕಂಬ ನೆಟ್ಟರೆ ಹೊಸ ಬಸ್ಸು ಕೊಳ್ಳುವಷ್ಟೇ ಲಾಭ. ಸ್ಟಾಪಿನ ಮುಂದಿನ ತೆರೆದ ಚರಂಡಿಗೆ ಬಸ್ಸಿನ ಎರಡೂ ಬಾಗಿಲಿಗೆ ಸಾಲುವಷ್ಟು ಉದ್ದಕ್ಕೆ ಚಪ್ಪಡಿ ಹಾಸಬೇಕು. ಒಂದೇ ಚಪ್ಪಡಿ ಇದ್ದಲ್ಲಿ ಇಳಿಯುವವರೂ ಹತ್ತುವವರೂ ಅದರ ಮೇಲೇ ನುಗ್ಗಾಡುತ್ತಾರೆ, ಅಷ್ಟು ಹೊತ್ತು ಬಸ್ಸು ನಿಂತಿರುತ್ತದೆ. ಸ್ಟಾಪು ವೃತ್ತ ದಾಟಿದ ಮೇಲಿರಲಿ. ಮೊದಲೇ ಇದ್ದರೆ ಜನ ಹತ್ತಿಸುವಷ್ಟರಲ್ಲಿ ಹಸಿರು ದೀಪ ಹೋಗಿಬಿಡುತ್ತದೆ.

ದೊಡ್ಡ ಬಸ್ಸಿನ ಉದ್ದ ಸುಮಾರು 12 ಮೀಟರ್, ಅಗಲ 2.6 ಮೀಟರ್, ಕನ್ನಡಿಗಳು ಬೇರೆ. 30 ಅಡಿ ರಸ್ತೆಯಲ್ಲಿ ಎರಡೂ ಬದಿಯ ಚರಂಡಿ ಕಳೆದು, ಒಂದು ಬದಿ ಕಾರು ನಿಂತರೆ ಇಂಥ ಎರಡು ಬಸ್ಸು ಎದುರಾಗಿ ದಾಟಲಾರವು. 9 ಮೀಟರಿನ ಮಿಡಿ ಬಸ್ಸು ತಿರುವಿಗೆ ಒಳ್ಳೆಯದೇ. ಆದರೆ ಅದಕ್ಕೂ ಒಬ್ಬ ಚಾಲಕ, ಒಬ್ಬ ನಿರ್ವಾಹಕ ಬೇಕು. ಚಿಕ್ಕ ಬಸ್ಸೆಂದು ಖರ್ಚು ಅರ್ಧವಾಗುವುದಿಲ್ಲ.

ಅಂತರ 30 ನಿಮಿಷ ಎಂದು ಬೋರ್ಡಿನಲ್ಲಿ ಬರೆದರೆ ಸಾಲದು, ರಸ್ತೆಯಲ್ಲಿ ಉಳಿಯಬೇಕು. ಬಸ್ಸುಗಳು ಸಮನಾಗಿ ಬಂದರೆ ಸರಾಸರಿ ಕಾಯುವಿಕೆ 15 ನಿಮಿಷ. ಅದೇ ಎರಡು ಬಸ್ಸು ಒಮ್ಮೆ 10, ಒಮ್ಮೆ 50 ನಿಮಿಷದ ಅಂತರದಲ್ಲಿ ಬಂದರೆ? ಹೆಚ್ಚು ಜನ ಬಂದು ಸಿಕ್ಕಿಕೊಳ್ಳುವುದು ಆ 50 ನಿಮಿಷದ ಸಂದಿನಲ್ಲೇ. ಸರಾಸರಿ ಸುಮಾರು 22 ನಿಮಿಷಕ್ಕೆ ಏರುತ್ತದೆ, ಟ್ರಿಪ್ ಒಂದೂ ಕಡಿಮೆಯಾಗದೆ. ತಡವಾದ ಬಸ್ಸಿಗೆ ಹೆಚ್ಚು ಜನ ಕಾದಿರುತ್ತಾರೆ, ಹತ್ತಿಸಲು ಹೆಚ್ಚು ಹೊತ್ತು, ಇನ್ನಷ್ಟು ತಡ. ಹಿಂದಿನದಕ್ಕೆ ಜನವೇ ಇಲ್ಲದೆ ಅದು ಓಡಿ ಬಂದು ಇದರ ಬಾಲ ಹಿಡಿಯುತ್ತದೆ. ನ್ಯೂವೆಲ್ ಮತ್ತು ಪಾಟ್ಸ್ ಎಂಬ ಸಂಶೋಧಕರು 1964ರಲ್ಲೇ ಇದನ್ನು ಗಣಿತದಲ್ಲಿ ತೋರಿಸಿದ್ದರು. ಮದ್ದು ತುದಿಯ ಬಿಡುವಿನಲ್ಲಿದೆ. ಮೂರು ನಿಮಿಷ ಕನಿಷ್ಠ. ಶಾಲೆ–ಕಚೇರಿಯ ಹೊತ್ತಿಗೆ ಓಟದ ಸಮಯವನ್ನೇ ಬೇರೆಯಾಗಿ ಬರೆಯಬೇಕು. ಮಾರ್ಗದ ನಡುವೆ ಒಂದು ಸ್ಟಾಪಿನಲ್ಲಿ, ಬೇಗ ಬಂದ ಬಸ್ಸನ್ನು ವೇಳೆಯಾಗುವವರೆಗೆ ನಿಲ್ಲಿಸಬೇಕು. ಎರಡು ನಿಮಿಷ ತಡವಾದರೆ ಜನ ಗೊಣಗುತ್ತಾರೆ ಅಷ್ಟೆ. ಎರಡು ನಿಮಿಷ ಮೊದಲೇ ಹೋದರೆ ವೇಳೆಗೆ ಬಂದವರು ಅರ್ಧ ಗಂಟೆ ನಿಲ್ಲಬೇಕು, ಮರುದಿನ ಬೈಕ್ ಹತ್ತುತ್ತಾರೆ.

ಟಿಕೆಟ್ ಯಂತ್ರದ ಅಂಕಿ ಓದುವಾಗಲೂ ಎಚ್ಚರ ಬೇಕು. ಉಚಿತ ಪ್ರಯಾಣಕ್ಕೂ ಶೂನ್ಯ ದರದ ಟಿಕೆಟ್ ಹರಿಯುವುದರಿಂದ ಯಾವ ಹಂತದಲ್ಲಿ ಎಷ್ಟು ಮಂದಿ ಎಂಬುದು ಸಿಗುತ್ತದೆ. ಬಾರದೇ ಉಳಿದವರು ಅದರಲ್ಲಿ ಕಾಣುವುದಿಲ್ಲ. ರಾತ್ರಿ 9ರ ಟ್ರಿಪ್‌ನಲ್ಲಿ ನಾಲ್ಕೇ ಜನ ಎಂದು ಅದನ್ನು ಕಡಿದರೆ, ಮಂಡಿಪೇಟೆಯ ಅಂಗಡಿಯಲ್ಲಿ ಎಂಟೂವರೆಗೆ ಕೆಲಸ ಬಿಡುವ ಹುಡುಗ ಬೆಳಿಗ್ಗೆಯೂ ಬಸ್ಸಿಗೆ ಬರುವುದಿಲ್ಲ. ವಾಪಸು ಬರಲು ದಾರಿಯಿಲ್ಲವಲ್ಲ. ಮುಂದಿನ ತಿಂಗಳು ಬೆಳಗಿನ ಟ್ರಿಪ್ಪೂ ತೆಳ್ಳಗಾಗುತ್ತದೆ, ಆಮೇಲೆ ಅದಕ್ಕೂ ಕತ್ತರಿ. ರಾತ್ರಿಯ ಖಾಲಿ ಬಸ್ಸಿನ ಖರ್ಚನ್ನು ಬೆಳಗಿನ ತುಂಬಿದ ಬಸ್ಸಿನ ಲೆಕ್ಕಕ್ಕೇ ಬರೆದುಕೊಳ್ಳಬೇಕು.

ಹೊಸ ವೇಳಾಪಟ್ಟಿಯನ್ನು ಯಾವಾಗ ತರುವುದು ಎಂಬುದೂ ಸಣ್ಣ ಮಾತಲ್ಲ. ಮಗಳು ಪಿಯುಸಿಗೋ ಡಿಗ್ರಿಗೋ ಸೇರುವಾಗ ಮನೆಯಲ್ಲಿ ಸ್ಕೂಟಿಯ ಮಾತು ಎದ್ದೇ ಏಳುತ್ತದೆ, ಒಮ್ಮೆ ಕೊಂಡರೆ ಅದರ ಕಂತು ವರ್ಷಗಟ್ಟಲೆ. ದಸರೆಗೆ ಬಿಟ್ಟ ಬಸ್ಸು ಆ ಮನೆಗೆ ಬಹಳ ತಡವಾಗಿ ಬಂದಂತೆ. ಮೇ ತಿಂಗಳಲ್ಲೇ ಓಡಿಸಲು ಶುರುಮಾಡಿ, ಕಾಲೇಜಿನ ಬೆಲ್ಲಿಗೆ ಕಾಲು ಗಂಟೆ ಮೊದಲು ತಲುಪುವಂತೆ ಹೊಂದಿಸಿ, ಕಾಲೇಜು ಪ್ರವೇಶದ ಎರಡು ಋತು ಮುಗಿಯುವವರೆಗೆ ಮಾರ್ಗವನ್ನಾಗಲಿ ವೇಳೆಯನ್ನಾಗಲಿ ಮುಟ್ಟಬಾರದು.