ಆನೆ ಬೇಡ, ರತನಸಿಂಗನ ಮಾತು ಸಾಕು

ಐತಿಹಾಸಿಕ ನಾಟಕವನ್ನು ಕಿರುತೆರೆಗೆ ಒಗ್ಗಿಸಿಕೊಡಿ ಎಂದು ಬರುವ ನಿರ್ಮಾಪಕರಿಗೆ ಹಕ್ಕು, ಅವಧಿ, ಜಾಹೀರಾತಿನ ಬಿಡುವು ಎಲ್ಲವೂ ಗೊತ್ತಿರುತ್ತದೆ. ಆದರೂ ಪ್ರತಿಯೊಬ್ಬರೂ ಕೇಳುವುದು ಅದೇ ಪ್ರಶ್ನೆ: ‘ರಂಗದ ಮೇಲೆ ಬರೀ ಬಾಯಲ್ಲಿ ಹೇಳಿಸಿದ್ದನ್ನು ನಾವು ತೋರಿಸಬಹುದಲ್ಲವೇ ಸರ್?’

ಗಿರೀಶ ಕಾರ್ನಾಡರ ‘ತುಘಲಕ್’ (1964) ನೋಡಿ. ಸುಲ್ತಾನ ಮುಹಮ್ಮದ್ ಬಿನ್ ತುಘಲಕನನ್ನು ಬಹಿರಂಗವಾಗಿ ಟೀಕಿಸುವ ಧರ್ಮಗುರು ಶೇಖ್ ಇಮಾಮುದ್ದೀನನ ಸಾವು ರಂಗದ ಮೇಲೆ ನಡೆಯುವುದಿಲ್ಲ. ಗೆದ್ದು ಬಂದ ಸುಲ್ತಾನ ಅವನಿಗಾಗಿ ಮರುಗುತ್ತಾನೆ. ಆಮೇಲೆ ರತನಸಿಂಗ್, ತನ್ನನ್ನು ಸೋದರನಂತೆ ಕಾಣುವ ಸರದಾರ ಶಿಹಾಬುದ್ದೀನನಿಗೆ ನಡೆದದ್ದನ್ನು ಹೇಳುತ್ತಾನೆ: ಚಹರೆಯಲ್ಲಿ ಸುಲ್ತಾನನನ್ನೇ ಹೋಲುವ ಶೇಖ್, ಸುಲ್ತಾನನೇ ಸಂಧಾನಕ್ಕೆಂದು ತೊಡಿಸಿ ಕಳಿಸಿದ ರಾಜನ ಉಡುಪಿನಲ್ಲಿ ಆನೆಯ ಮೇಲೆ ಕುಳಿತು ಎದುರಾಳಿಗಳ ಬಾಣಕ್ಕೆ ಗುರಿಯಾದ. ಕೇಳುತ್ತಿದ್ದಂತೆ, ತುಸು ಮುಂಚೆ ಕಂಡ ಆ ದುಃಖದ ಮುಖ ನಮಗೆ ನೆನಪಾಗುತ್ತದೆ. ಅದು ನಟನೆಯೇ? ಪೂರ್ತಿ ನಟನೆ ಎನ್ನಲೂ ಮನಸ್ಸು ಒಪ್ಪುವುದಿಲ್ಲ. ಈ ಅನುಮಾನದ ಮೇಲೆಯೇ ಆ ಪಾತ್ರ ನಿಂತಿದೆ. ಯುದ್ಧವನ್ನು ಮೊದಲೇ ತೋರಿಸಿದರೆ ಸುಲ್ತಾನ ಬಾಯಿ ತೆರೆಯುವ ಮುನ್ನವೇ ಕಪಟಿಯಾಗಿಬಿಡುತ್ತಾನೆ.

‘ಹಾಗಾದರೆ ಫ್ಲ್ಯಾಷ್‌ಬ್ಯಾಕ್ ಹಾಕೋಣ’ ಎನ್ನುತ್ತಾರೆ. ದಯವಿಟ್ಟು ಅದೂ ಬೇಡ. ಕಣ್ಣಾರೆ ಕಂಡದ್ದನ್ನು ವೀಕ್ಷಕ ಶಂಕಿಸುವುದಿಲ್ಲ. ಮಾತಾಗಿಯೇ ಉಳಿದರೆ ಅದು ರತನಸಿಂಗನ ಮಾತು, ಅವನಿಗೂ ತನ್ನದೇ ಲೆಕ್ಕಾಚಾರವಿದೆ. ಮುಂದೆ ಸುಲ್ತಾನನನ್ನು ಕೊಲ್ಲುವ ಶಿಹಾಬುದ್ದೀನನ ಸಂಚನ್ನು ಬಯಲು ಮಾಡುವವನೂ ಅವನೇ. ಕ್ಯಾಮೆರಾ ನೋಡಬೇಕಾದದ್ದು ಕೇಳುತ್ತಿರುವ ಶಿಹಾಬುದ್ದೀನನ ಮುಖವನ್ನು.

ಎಲ್ಲ ನಾಟಕಗಳಿಗೂ ಇದು ಹೊಂದುತ್ತದೆ ಎನ್ನಲಾರೆ. ಕೆಲವೆಡೆ ದೂತನ ವರದಿ ಬರೀ ಅನುಕೂಲಕ್ಕೆಂದು ಬಂದಿರುತ್ತದೆ, ಅಂಥದ್ದನ್ನು ಧಾರಾಳವಾಗಿ ದೃಶ್ಯವಾಗಿಸಬಹುದು. ಯಾರು, ಯಾರಿಗೆ, ಯಾವ ಗಳಿಗೆಯಲ್ಲಿ ಹೇಳುತ್ತಿದ್ದಾರೆ ಎಂಬುದನ್ನು ಮಾತ್ರ ಮೊದಲು ನೋಡಿಕೊಳ್ಳಿ.

ಒಬ್ಬ ನಿರ್ಮಾಪಕರು, ಸುಲ್ತಾನನ ಆಜ್ಞೆಯಂತೆ ದೆಹಲಿಯ ಜನ ಹೊಸ ರಾಜಧಾನಿ ದೌಲತಾಬಾದಿಗೆ ಹೊರಡುವ ವಲಸೆಗೆ ಸಾವಿರಾರು ಜನರ ಗ್ರಾಫಿಕ್ಸ್ ಮಾಡಿಸಲು ಅಂದಾಜುಪಟ್ಟಿ ತಂದಿದ್ದರು. ನಾಟಕದ ಮೇಲೆ ನಿಜವಾದ ಪ್ರೀತಿಯಿದ್ದವರು. ದಾರಿಯ ಬಿಡಾರದ ದೃಶ್ಯವನ್ನು ಅವರಿಗೆ ಓದಿ ಹೇಳಿದೆ: ಸಾಯುತ್ತಿರುವ ಮಗುವನ್ನು ವೈದ್ಯನಿಗೆ ತೋರಿಸಲು ಅಪ್ಪಣೆ ಬೇಡುವ ಹೆಂಗಸು, ಲಂಚ ಕೇಳುವ, ಬಿಡಾರದ ಅಧಿಕಾರಿಯಾಗಿ ಕುಳಿತ ವಂಚಕ ಅಜೀಜ. ಇಡೀ ವಲಸೆ ಅಷ್ಟರಲ್ಲೇ ಇದೆ. ಆ ತಾಯಿಯ ಕಣ್ಣನ್ನು ರಂಗಮಂದಿರದ ಹಿಂದಿನ ಸಾಲಿನವರು ಕಾಣಲಾರರು, ಕಿರುತೆರೆಯಲ್ಲಿ ಎಲ್ಲರೂ ಕಾಣಬಹುದು. ಅವರು ಒಪ್ಪಿದರು. ಆದರೆ ಪಟ್ಟಿಯಲ್ಲಿ ಆ ಪಾತ್ರಕ್ಕೆ ಒಂದು ದಿನದ ಸಂಭಾವನೆ ಮಾತ್ರ ಇತ್ತು. ಜನಸಾಗರದ ಹಣದಲ್ಲಿ ಒಂದು ಪಾಲನ್ನು ಒಳ್ಳೆಯ ರಂಗನಟಿಗೂ ತಾಲೀಮಿಗೂ ಎತ್ತಿಡಿ ಎಂದು ಹೇಳಿ ಕಳಿಸಿದ್ದೇನೆ.