ಪಾಳುಬಿದ್ದರೆ ಕಾನೂನು ಕಾಯುತ್ತಿತ್ತು, ಜನ ವಾಸವಿದ್ದರೆ ಇಲ್ಲ

ಇಂಗ್ಲೆಂಡಿನ ಕೆಂಟ್‌ನಲ್ಲಿ ಐಟಮ್ ಮೋಟ್ ಅನ್ನೋ ಹಳೇ ಮನೆಯಿದೆ. 1320ರ ಆಸುಪಾಸಿನಲ್ಲಿ ಶುರುವಾದದ್ದು. ಸುತ್ತ ನೀರಿನ ಕಂದಕವಿದೆ ಅಂತ ಕೋಟೆ ಅಂದುಕೊಳ್ಳಬೇಡಿ. ರಾಜರದ್ದೂ ಅಲ್ಲ, ದೊಡ್ಡ ಪ್ರಭುಗಳದ್ದೂ ಅಲ್ಲ, ಜಮೀನಿದ್ದ ನೈಟ್‌ಗಳ ಮನೆ. ನಡುವೆ ತೆರೆದ ಅಂಗಳ, ನಾಲ್ಕೂ ಕಡೆ ಕೋಣೆಗಳು. ತೊಟ್ಟಿ ಮನೆ ಕಂಡವರಿಗೆ ಈ ನಕ್ಷೆ ಹೊಸದಲ್ಲ. ಎತ್ತರದ ಚಾವಣಿಯ ಹಾಲ್, ಯಜಮಾನರ ಖಾಸಗಿ ಕೋಣೆ, ಪ್ರಾರ್ಥನೆಗೆ ಚಾಪೆಲ್. ಕಲ್ಲಿನ ಗೋಡೆ, ಓಕ್ ಮರದ ಚೌಕಟ್ಟು. ಆಮೇಲೆ ಬಂದವರು ಪೂರ್ತಿ ಕೆಡವಿ ಕಟ್ಟದೆ, ಬೇಕಾದ್ದನ್ನು ಸೇರಿಸುತ್ತಾ ಹೋದರು.

ಇಂಥ ಮನೆಗಳಿಗೆ ಕಾನೂನಿನ ಆಸರೆ ತುಂಬಾ ತಡವಾಗಿ ಸಿಕ್ಕಿತು. 1882ರ ಕಾಯ್ದೆ ಸ್ಟೋನ್‌ಹೆಂಜ್‌ನಂಥ ಪುರಾತನ ಜಾಗಗಳಿಗೆ ಸೀಮಿತವಾಗಿತ್ತು. 1911ರಲ್ಲಿ ಟ್ಯಾಟರ್‌ಶಲ್ ಕೋಟೆಯ ಕಲ್ಲಿನ ಅಗ್ಗಿಷ್ಟಿಕೆಗಳನ್ನೇ ಕಿತ್ತು ಮಾರಿದಾಗ ಗಲಾಟೆಯಾಯಿತು. ಆ ಕೋಟೆಯನ್ನು ಕೊಂಡು ಉಳಿಸಿದವನು ಲಾರ್ಡ್ ಕರ್ಜನ್. ಹೌದು, ಬಂಗಾಳ ಒಡೆದವನೇ, 1904ರಲ್ಲಿ ಭಾರತಕ್ಕೆ ಸ್ಮಾರಕ ಕಾಯ್ದೆ ತಂದವನೂ ಅವನೇ! 1913ರಲ್ಲಿ ಬ್ರಿಟನ್ನಿಗೂ ಗಟ್ಟಿ ಕಾಯ್ದೆ ಬಂತು, ಆದರೆ ಜನ ವಾಸವಿದ್ದ ಮನೆ ಅದರಿಂದ ಹೊರಗೆ. ಯಾಕಂದರೆ ಆಸ್ತಿ ಮಾಲೀಕರ ಹಕ್ಕು ಮುಟ್ಟಲು ಸಂಸತ್ತಿಗೆ ಧೈರ್ಯ ಇರಲಿಲ್ಲ, ಅಷ್ಟೇ.

1947ರಲ್ಲಿ, ಉಳಿಸಬೇಕಾದ ಹಳೇ ಕಟ್ಟಡಗಳ ಸರ್ಕಾರಿ ಪಟ್ಟಿ ಮಾಡುವ ವ್ಯವಸ್ಥೆ ಗಟ್ಟಿಯಾಯಿತು. ಆದರೂ ಕೆಡವೋಕೆ ಮುಂಚೆ ಎರಡು ತಿಂಗಳ ನೋಟಿಸ್ ಕೊಟ್ಟರೆ ಸಾಕಿತ್ತು, ತಡೀಬೇಕಾದರೆ ಸರ್ಕಾರವೇ ಬೇರೆ ಆದೇಶ ಹೊರಡಿಸಬೇಕಿತ್ತು. ಐಟಮ್ ಮೋಟ್ ಮಾರಾಟಕ್ಕೆ ಬಂದಿದ್ದು ಇದೇ ಕಾಲದಲ್ಲಿ, 1951ರಲ್ಲಿ. ಚಾವಣಿಯ ಸೀಸಕ್ಕಾಗಿ ಕೆಡವುವ ಮಾತೂ ಇತ್ತು. ಊರಿನ ಮೂವರು ವ್ಯಾಪಾರಿಗಳು ಸೇರಿ ಕೊಂಡುಕೊಂಡರು. 1953ರಲ್ಲಿ ಅವರಿಂದ ಕೊಳ್ಳಲು ಮುಂದಾದವರು ಅಮೆರಿಕದ ಚಾರ್ಲ್ಸ್ ಹೆನ್ರಿ ರಾಬಿನ್ಸನ್. ಹಡಗಿನಲ್ಲಿ ವಾಪಸ್ ಹೋಗುವಾಗ ಮನಸ್ಸು ಬದಲಾಗಿ ಬೇಡ ಅಂತ ಕಾಗದ ಬರೆದರಂತೆ, ಸ್ಟಾಂಪ್ ಸಿಗದೆ ಅದು ಪೋಸ್ಟ್ ಆಗಲಿಲ್ಲವಂತೆ. ಆರು ಶತಮಾನದ ಮನೆ ಇಂಥ ಆಕಸ್ಮಿಕದ ಮೇಲೆ ನಿಂತಿತ್ತು, ಪಟ್ಟಿಯ ಬಲದ ಮೇಲಲ್ಲ.

ಮೊದಲೇ ಅನುಮತಿ ಪಡೆಯದೆ ಪಟ್ಟಿಯ ಕಟ್ಟಡ ಕೆಡವುವ ಹಾಗಿಲ್ಲ ಅನ್ನೋ ನಿಯಮ ಬಂದಿದ್ದು 1968ರಲ್ಲಿ. ಈಗ ಐಟಮ್ ಮೋಟ್ ಅಂಗಳದಲ್ಲಿರುವ ನಾಯಿಗೂಡು ಕೂಡ ಗ್ರೇಡ್ ಒನ್, ಅಂದರೆ ಎಲ್ಲಕ್ಕಿಂತ ಮೇಲಿನ ದರ್ಜೆಯ ಪಟ್ಟಿಯಲ್ಲಿದೆ, ಅದೂ ಸೇಂಟ್ ಬರ್ನಾರ್ಡ್ ನಾಯಿಗೆ ಕಟ್ಟಿಸಿದ್ದು!

ಆದರೆ ಮರ ಕೊರೆಯುವ ಹುಳಕ್ಕೆ ಕಾಯ್ದೆ ಗೊತ್ತಿಲ್ಲವಲ್ಲ. ರಾಬಿನ್ಸನ್ 1985ರಲ್ಲಿ ತೀರಿಕೊಂಡ ಮೇಲೆ ಮನೆ ನ್ಯಾಷನಲ್ ಟ್ರಸ್ಟ್ ಅನ್ನೋ, ಹಳೇ ಕಟ್ಟಡ ಉಳಿಸುವ ದತ್ತಿ ಸಂಸ್ಥೆಯ ಕೈಗೆ ಬಂತು. 1989ರಿಂದ 2004ರವರೆಗೆ ಬಹುಭಾಗ ಬಿಚ್ಚಿ, ಹೇಗೆ ಕಟ್ಟಿದ್ದರು ಅಂತ ದಾಖಲಿಸಿ, ಮತ್ತೆ ಜೋಡಿಸಿದರು. ಖರ್ಚು 1 ಕೋಟಿ ಪೌಂಡ್‌ಗೂ ಜಾಸ್ತಿ.