ಎಂಟರ್ ಹೊಡಿಯೋ ತನಕ ಗೆಟ್‌ಚಾರ್ ಯಾಕ ಕಾಯ್ತದ?

ಕಲಬುರಗಿದಾಗ ನಮ್ಮ ರೂಮಿಗೆ ಬರೋ ಜೂನಿಯರ್ ಹುಡುಗ್ರು ಎಲ್ಲಾರೂ ಇದೊಂದು ಕೇಳೇ ಕೇಳ್ತಾರ. ಅಣ್ಣಾ, ಸಿ ಪ್ರೋಗ್ರಾಂ ಬರಿಯೋ ಹಳೇ ಟರ್ಬೋ ಸಿ ಒಳಗ ಒಂದಕ್ಷರ ಓದೋ ಗೆಟ್‌ಚ್ ಫಂಕ್ಷನ್ ಹಾಕಿದ್ರ ಕೀ ಒತ್ತಿದ ಕೂಡ್ಲೇ ಬರ್ತಿತ್ತು, ಉಬುಂಟುದಾಗ ಆ ಗೆಟ್‌ಚ್ ಇರೋ ಕೋನಿಯೋ ಹೆಡರೇ ಇಲ್ಲ, ಅದರ ಬದ್ಲಿ ಗೆಟ್‌ಚಾರ್ ಹಾಕಿದ್ರ ಎಂಟರ್ ಹೊಡಿಯೋ ತನಕ ಸುಮ್ನ ಕುಂದರ್ತದ, ಅಂತ. ಅದಕ್ಕ ಇದನ್ನ ಬರದು ಇಡ್ಲಿಕತ್ತೀನಿ.

ತಪ್ಪು ಗೆಟ್‌ಚಾರ್‌ದಲ್ಲ. ಕೀಬೋರ್ಡಿಗೂ ನಮ್ಮ ಪ್ರೋಗ್ರಾಮಿಗೂ ನಡುವ ಕರ್ನಲ್‌ದಾಗ (ಆಪರೇಟಿಂಗ್ ಸಿಸ್ಟಮ್ಮಿನ ತಿರುಳು) ಟರ್ಮಿನಲ್ ನೋಡ್ಕೊಳ್ಳೋ ಟಿಟಿವೈ ಡ್ರೈವರ್ ಅಂತ ಅದ, ನೀವು ಒತ್ತಿದ ಅಕ್ಷರ ಎಲ್ಲಾ ಅದು ತನ್ನ ಹತ್ರಾನೇ ಇಟ್ಕೊಂಡು, ಬ್ಯಾಕ್‌ಸ್ಪೇಸ್ ಬಂದ್ರ ಅಲ್ಲೇ ಅಳಿಸಿ, ಎಂಟರ್ ಬಂದ ಮ್ಯಾಲ ಪೂರಾ ಸಾಲು ಒಮ್ಮೆಲೇ ಕೊಡ್ತದ. ನಮ್ಮ ಟಂಟಂ ಸೀಟು ತುಂಬೋ ತನಕ ಸ್ಟ್ಯಾಂಡ್ ಬಿಡಂಗಿಲ್ಲ ನೋಡ್ರಿ, ಹಂಗ. ಇದಕ್ಕ ಕೆನಾನಿಕಲ್ ಮೋಡ್ ಅಂತಾರ. ಸ್ಕ್ಯಾನ್‌ಎಫ್‌ದಿಂದ ನಂಬರ್ ಓದಿದ ಮ್ಯಾಲ ಮುಂದಿನ ಗೆಟ್‌ಚಾರ್ ಕಾಯ್ದೇ ಹಾರಿ ಹೋಗ್ತದಲ್ಲ, ಅಲ್ಲೂ ಆ ಸಾಲಿನ ಕೊನಿಗಿರೋ ಎಂಟರಿನ 10 ಅನ್ನೋ ಬೈಟ್ ಉಳಿದಿರ್ತದ, ಗೆಟ್‌ಚಾರ್ ಅದನ್ನೇ ತಗೋತದ.

ಕೀ ಒತ್ತಿದ ಕೂಡ್ಲೇ ಬೇಕಂದ್ರ ಡ್ರೈವರಿಗೇ ಹೇಳಬೇಕು. ಟರ್ಮಿನಲ್ ಸೆಟಿಂಗ್ ಬದಲಿಸೋ ಟರ್ಮಿಯೋಸ್ ಹೆಡರ್ ಹಾಕ್ರಿ, ಟಿಸಿ-ಗೆಟ್-ಆಟರ್‌ದಿಂದ ಈಗಿನ ಸೆಟಿಂಗ್ ತಗೊಂಡು ಒಂದು ಕಾಪಿ ಜ್ವಾಪಾನ ಇಡ್ರಿ, ಇನ್ನೊಂದ್ರಾಗ ಐಕೆನಾನ್ (ಕೆನಾನಿಕಲ್ ಮೋಡ್), ಎಕೋ (ಒತ್ತಿದ್ದು ಪರದೆ ಮ್ಯಾಲ ತೋರ್ಸೋದು) ಎರಡೂ ಬಿಟ್ ತಗೀರಿ, ವಿಮಿನ್ (ಕಮ್ಮಿ ಅಂದ್ರ ಎಷ್ಟು ಬೈಟ್ ಬರ್ಬೇಕು) 1, ವಿಟೈಮ್ (ಎಷ್ಟೊತ್ತು ಕಾಯ್ಬೇಕು) 0 ಮಾಡಿ ಟಿಸಿ-ಸೆಟ್-ಆಟರ್‌ದಿಂದ ವಾಪಸ್ ಹಾಕ್ರಿ. ಆಮ್ಯಾಲ ರೀಡ್‌ದಿಂದ (ಡ್ರೈವರ್ ಹತ್ರ ನೇರ ಓದೋ ಫಂಕ್ಷನ್) ಒಂದೊಂದೇ ಬೈಟ್ ಓದ್ರಿ, ಗೆಟ್‌ಚಾರ್ ಜೊತಿ ಕಲಸಬ್ಯಾಡ್ರಿ, ಅದಕ್ಕ ಓದಿದ್ದು ಕೂಡಿಡೋ ತನ್ನದೇ ಬೇರೆ ಬಫರ್ ಇರ್ತದ.

ಹಳೇ ಕಾಪಿ ವಾಪಸ್ ಹಾಕೋದು ಮಾತ್ರ ಮರೀಬ್ಯಾಡ್ರಿ. ನಾನು ಮೊದಲ ಸಲ ಮರ್ತೆ, ಪ್ರೋಗ್ರಾಂ ಮುಗೀತು, ಏನ್ ಟೈಪ್ ಮಾಡಿದ್ರೂ ಒಂದಕ್ಷರ ಕಾಣವಲ್ದು, ಲ್ಯಾಪ್‌ಟಾಪ್ ಕೀಬೋರ್ಡೇ ಹೋತು ಅಂತ ಭಾಳ ಹೆದರಿದ್ದೆ. ಕಾಣದಿದ್ರೂ ಪರವಾಗಿಲ್ಲ, ಎಸ್‌ಟಿಟಿವೈ ಸೇನ್ (stty sane) ಅಂತ ಟರ್ಮಿನಲ್ಲಿನಾಗ ಹೊಡೆದು ಎಂಟರ್ ಒತ್ರಿ, ಸರಿ ಆಗ್ತದ. ಕೋಡ್‌ದಾಗ ಹಳೇ ಕಾಪಿ ವಾಪಸ್ ಹಾಕೋ ಫಂಕ್ಷನ್ನ, ಪ್ರೋಗ್ರಾಂ ಮುಗಿಯೋವಾಗ ತಾನೇ ನಡಿಸೋ ಆಟೆಕ್ಸಿಟ್‌ಗೆ ಕೊಟ್ಟುಬಿಡ್ರಿ, ಆದ್ರ ಕಂಟ್ರೋಲ್ ಸಿ ಒತ್ತಿ ಕೊಂದ್ರ ಆಟೆಕ್ಸಿಟ್ ನಡಿಯಂಗಿಲ್ಲ, ಅದಕ್ಕ ಕಂಟ್ರೋಲ್ ಸಿ ಬಂದಾಗ ನಡಿಯೋ ಸಿಗ್ನಲ್ ಹ್ಯಾಂಡ್ಲರ್ ಬೇರೆ ಬರೀಬೇಕು.

ಈಗ ಬಂದ ಬೈಟ್‌ನ ನಂಬರ್ ಪ್ರಿಂಟ್ ಮಾಡಿ ನೋಡ್ರಿ. ಮ್ಯಾಲಿನ ಆರೋ ಒಂದೇ ಸಲ ಒತ್ತಿದ್ರ 27, 91, 65 ಅಂತ ಮೂರು ಬರ್ತಾವ, ಕೆಳಗಿಂದಕ್ಕ ಕೊನೇದು 66, ಬಲಕ್ಕ 67, ಎಡಕ್ಕ 68. ಎಸ್ಕೇಪ್ ಕೀ ಅಂದ್ರ ಬರೇ 27. ಹಂಗಾದ್ರ 27 ಬಂದಾಗ ಅದು ಎಸ್ಕೇಪೋ ಆರೋನೋ ಹೆಂಗ ಗೊತ್ತಾಗ್ಬೇಕು? ಆಗ ವಿಮಿನ್ 0, ವಿಟೈಮ್ 1 ಮಾಡ್ರಿ, ವಿಟೈಮ್ ಲೆಕ್ಕ ಸೆಕೆಂಡಿನ ಹತ್ತನೇ ಭಾಗದಾಗ ಇರ್ತದ, ಅಷ್ಟರಾಗ ಮುಂದಿಂದು ಬರ್ಲಿಲ್ಲಂದ್ರ ರೀಡ್ 0 ಕೊಡ್ತದ, ಅದು ಎಸ್ಕೇಪ್ ಅಂತ ತಿಳ್ಕೋಬಹುದು.

ಕನ್ನಡ ಅಕ್ಷರಕ್ಕೂ ಒಂದಕ್ಕಿಂತ ಜಾಸ್ತಿ ಬೈಟ್ ಬರ್ತಾವ: ಕನ್ನಡ ಲೇಔಟ್ ಹಾಕಿ ಕ ಒತ್ರಿ, 224, 178, 149 ಬರ್ತದ. ಕಿ ಅಂದ್ರ 6 ಬೈಟ್, ಯಾಕಂದ್ರ ಆ ಗುಡಿಸು ಬೇರೆ ಕೋಡ್, ಅದಕ್ಕೂ ಮೂರು.